ಹಳೆಯ ಮೀನು ಚೆನ್ನಾಗಿತ್ತು, ಹೊಸದು ಸಾಯುತ್ತಿತ್ತು: ನಾಲ್ಕು ವರ್ಷದ ಅಕ್ವೇರಿಯಂ ಒಂದರ ಪ್ರಕರಣ

ಪರಿಚಿತರೊಬ್ಬರ ಮನೆಯ ಅಕ್ವೇರಿಯಂ. 90 ಸೆಂ.ಮೀ. ಉದ್ದ, 40 ಅಗಲ, 40 ಎತ್ತರ. ಜಲ್ಲಿ ತಿಂದ ಜಾಗ, ಮೇಲೆ ಖಾಲಿ ಬಿಟ್ಟ ಜಾಗ ಕಳೆದರೆ ಸುಮಾರು 115 ಲೀಟರ್ ನೀರು. ಎರಡು ಏಂಜೆಲ್, ಐದು ಬ್ಲ್ಯಾಕ್ ವಿಡೋ ಟೆಟ್ರಾ, ಒಂದು ಪ್ಲೆಕೊ. ಪ್ಲೆಕೊ ತಂದಾಗ ಬೆರಳುದ್ದ ಇತ್ತಂತೆ, ಈಗ 25 ಸೆಂ.ಮೀ. ದಾಟಿದೆ. ಈ ಎಂಟೂ ಮೀನು ಆಹಾರ ಹಾಕಿದ ಕೂಡಲೇ ಮುಗಿಬೀಳುತ್ತಿದ್ದವು, ಮೈಮೇಲೆ ಒಂದು ಗಾಯ ಇರಲಿಲ್ಲ. ಆದರೆ ಕಳೆದ ಒಂದು ವರ್ಷದಲ್ಲಿ ಹೊಸದಾಗಿ ತಂದು ಬಿಟ್ಟ ಯಾವ ಮೀನೂ ಉಳಿದಿರಲಿಲ್ಲ. ಮೊದಲು ಮೋಲಿ ತಂದರು, ಮಾರನೆಯ ದಿನವೇ ಹೋದವು. ಪ್ಲಾಟಿ ತಂದರು, ಅವೂ ಹೋದವು. ಕೊನೆಗೆ ನಿಯಾನ್ ಟೆಟ್ರಾ ತಂದರು, ಎರಡು ದಿನದಲ್ಲಿ ಒಂದೂ ಇಲ್ಲ.

ಅವರ ತೀರ್ಮಾನ ಸರಳವಾಗಿತ್ತು: ಮಾರುವವರು ರೋಗದ ಮೀನು ಕೊಡುತ್ತಿದ್ದಾರೆ. ನೀರಿನಲ್ಲಿ ದೋಷ ಇದ್ದಿದ್ದರೆ ಹಳೆಯ ಮೀನು ಹೇಗೆ ಬದುಕಿರುತ್ತಿತ್ತು ಎಂಬುದು ಅವರ ವಾದ. ಕೇಳಿದವರೆಲ್ಲ ಒಪ್ಪುವಂಥ ವಾದವೇ. ನೀರು ಕೂಡ ತಿಳಿಯಾಗಿತ್ತು, ಹಿಂದಿನ ಗೋಡೆಯ ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಬಿಳಿ ಬಟ್ಟಲಿಗೆ ತೆಗೆದು ನೋಡಿದರೆ ಮಾತ್ರ ತುಸು ಹಳದಿ.

ಇಲ್ಲಿ ಆ ತೊಟ್ಟಿಯ ಚರಿತ್ರೆ ಸ್ವಲ್ಪ ಹೇಳಬೇಕು. ಮೊದಲ ಎರಡು ವರ್ಷ ಅದನ್ನು ನೋಡಿಕೊಂಡವಳು ಅವರ ಮಗಳು. ವಾರಕ್ಕೊಮ್ಮೆ ಎರಡು ಬಕೆಟ್ ನೀರು ತೆಗೆದು ಎರಡು ಬಕೆಟ್ ಹೊಸ ನೀರು ಹಾಕುತ್ತಿದ್ದಳು. ಅವಳು ಓದಲು ಬೇರೆ ಊರಿಗೆ ಹೋದ ಮೇಲೆ ಆ ಕೆಲಸ ನಿಂತಿತು. ಅಪ್ಪ ತಪ್ಪದೆ ಆಹಾರ ಹಾಕಿದರು, ಗಾಜು ಒರೆಸಿದರು, ನೀರು ಆವಿಯಾಗಿ ಮಟ್ಟ ಇಳಿದಾಗ ಅಷ್ಟನ್ನು ತುಂಬಿಸಿದರು. ನೀರು ತುಂಬಿಸುವುದೂ ನೀರು ಬದಲಾಯಿಸುವುದೂ ಒಂದೇ ಎಂದು ಅವರು ತಿಳಿದಿದ್ದರು. ಈ ಪ್ರಕರಣದ ಬೇರು ಅಲ್ಲೇ ಇದೆ. ಆವಿಯಾಗುವುದು ಬರೀ ನೀರು. ಕರಗಿದ ಲವಣ, ಮೀನಿನ ಹೊಲಸಿನಿಂದ ಹುಟ್ಟಿದ ನೈಟ್ರೇಟ್, ಎಲ್ಲವೂ ತೊಟ್ಟಿಯಲ್ಲೇ ಉಳಿದು ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋಗುತ್ತವೆ.

ಒಂದು ರಜೆಯ ದಿನ, ಇನ್ನು ಹೊಸ ಮೀನು ತರುವ ಮುಂಚೆ ಎಲ್ಲ ಸ್ವಚ್ಛ ಮಾಡಿಬಿಡೋಣ ಎಂದು ಕೂತರು. ಅರ್ಧಕ್ಕರ್ಧ ನೀರು ತೆಗೆದರು. ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಕಪ್ಪು ಹೋಗುವ ತನಕ ಹಿಂಡಿದರು. ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿದ ಹೊಸ ನೀರನ್ನು ಅಷ್ಟೇ ತುಂಬಿಸಿದರು. ಸಂಜೆಯ ಹೊತ್ತಿಗೆ ಎಲ್ಲ ಮೀನೂ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ತಳ ಬಿಟ್ಟು ಅಲ್ಲಾಡದ ಪ್ಲೆಕೊ ಕೂಡ ಗಾಜು ಹತ್ತಿ ನೀರಿನ ಅಂಚಿಗೆ ಬಂದಿತ್ತು. ನನಗೆ ಫೋನ್ ಬಂದದ್ದು ಆಗ.

ಬಕೆಟ್‌ನಲ್ಲಿ ಉಳಿದಿದ್ದ ಸಾಕ್ಷಿ

ನಾನು ಹೋಗುವಷ್ಟರಲ್ಲಿ ಎರಡು ಟೆಟ್ರಾ ಸತ್ತಿದ್ದವು. ಏಂಜೆಲ್‌ಗಳ ಕಿವಿರು ಪಟಪಟ ಬಡಿದುಕೊಳ್ಳುತ್ತಿತ್ತು, ಅಂಚಿನಲ್ಲಿ ಕೆಂಪು ಕಾಣುತ್ತಿತ್ತು. ಉಸಿರಾಟದ ತೊಂದರೆ ಎಂದ ಕೂಡಲೇ ಆಮ್ಲಜನಕದ ಕೊರತೆ ಎನ್ನುವವರೇ ಹೆಚ್ಚು. ಆದರೆ ಅದೇ ತಾನೆ ಅರ್ಧ ತೊಟ್ಟಿ ಹೊಸ ನೀರು ಸುರಿದಾಗಿದೆ, ಫಿಲ್ಟರ್ ಬಿರುಸಾಗಿ ಓಡುತ್ತಿದೆ, ಆಮ್ಲಜನಕ ಕಡಿಮೆ ಇರಲು ಕಾರಣವೇ ಇಲ್ಲ. ಕಿವಿರನ್ನೇ ಏನೋ ಸುಡುತ್ತಿದೆ ಎಂಬುದು ನನ್ನ ಮೊದಲ ಗುಮಾನಿ.

ಅದೃಷ್ಟಕ್ಕೆ, ತೆಗೆದ ನೀರಿನಲ್ಲಿ ಒಂದು ಬಕೆಟ್ ಗಿಡಗಳಿಗೆಂದು ಉಳಿಸಿದ್ದರು. ಹೀಗಾಗಿ ಬದಲಾಯಿಸುವ ಮುಂಚಿನ ನೀರು, ಬದಲಾಯಿಸಿದ ಮೇಲಿನ ನೀರು, ನಲ್ಲಿಯ ನೀರು, ಮೂರನ್ನೂ ಒಟ್ಟಿಗೆ ಅಳೆಯಲು ಆಯಿತು. ಇಂಥ ಅವಕಾಶ ಸಾಮಾನ್ಯವಾಗಿ ಸಿಗುವುದಿಲ್ಲ. ಹೆಚ್ಚಿನ ಸಲ ಅಪರಾಧ ನಡೆದ ನೀರು ಚರಂಡಿ ಸೇರಿಯಾಗಿರುತ್ತದೆ.

ಬಕೆಟ್‌ನ ನೀರಿನ ಪಿ.ಎಚ್., ಅಂದರೆ ಆಮ್ಲ ಕ್ಷಾರದ ಅಳತೆ, 6.0. ಇದು 7ಕ್ಕಿಂತ ಕೆಳಗಿದ್ದರೆ ನೀರು ಆಮ್ಲೀಯ, ಮೇಲಿದ್ದರೆ ಕ್ಷಾರೀಯ. ಅಮೋನಿಯ ಪರೀಕ್ಷೆಯ ಕೊಳವೆ ಬಣ್ಣದ ಪಟ್ಟಿಯ ಕೊನೆಯ ಗಾಢ ಹಸಿರಿಗೆ ತಿರುಗಿತು, ಅಂದರೆ ಲೀಟರಿಗೆ 8 ಮಿ.ಗ್ರಾಂ. ನೈಟ್ರೈಟ್ ಸೊನ್ನೆ. ನೈಟ್ರೇಟ್ 160 ಮಿ.ಗ್ರಾಂ. ಆಮೇಲೆ ಕೆ.ಎಚ್., ಅಂದರೆ ನೀರಿನಲ್ಲಿರುವ ಕಾರ್ಬೋನೇಟ್ ಬೈಕಾರ್ಬೋನೇಟ್‌ಗಳ ಅಳತೆ. ಈ ಪರೀಕ್ಷೆಯಲ್ಲಿ 5 ಮಿ.ಲೀ. ನೀರಿಗೆ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋಗಬೇಕು. ನೀರು ನೀಲಿಯಾಗುತ್ತದೆ, ಮುಂದೆ ಯಾವ ಹನಿಗೆ ಹಳದಿಗೆ ತಿರುಗುತ್ತದೋ ಅಷ್ಟು ಡಿಗ್ರಿ ಕೆ.ಎಚ್. ಬಕೆಟ್‌ನ ನೀರು ನೀಲಿಯಾಗಲೇ ಇಲ್ಲ. ಮೊದಲ ಹನಿ ಬಿದ್ದದ್ದೇ ಹಳದಿ.

ನಲ್ಲಿ ನೀರಿನ ಪಿ.ಎಚ್. 7.8, ಕೆ.ಎಚ್. 5. ತೊಟ್ಟಿಯ ಈಗಿನ ನೀರು ಪಿ.ಎಚ್. 7.6, ಅಮೋನಿಯ 4.

ಒಗಟು ಇಲ್ಲಿಗೆ ಬಿಚ್ಚಿಕೊಂಡಿತು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು

ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ, ಉಳಿದ ಆಹಾರ ಕೊಳೆತರೂ ಅಮೋನಿಯವೇ. ಫಿಲ್ಟರಿನ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಕ್ವೇರಿಯಂ ಇಟ್ಟವರಿಗೆಲ್ಲ ಇದು ಬಾಯಿಪಾಠ. ಬಾಯಿಪಾಠದಲ್ಲಿ ಸೇರದ ಸಂಗತಿ ಎಂದರೆ, ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಅದನ್ನು ಹೀರಿಕೊಂಡು ಪಿ.ಎಚ್. ಬೀಳದಂತೆ ತಡೆಯುವುದು ಕೆ.ಎಚ್. ಅಮೋನಿಯ ರೂಪದ 1 ಮಿ.ಗ್ರಾಂ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ ಸುಮಾರು 7 ಮಿ.ಗ್ರಾಂ ಕ್ಷಾರ ಖರ್ಚಾಗುತ್ತದೆ. ದಿನಕ್ಕೆ 1 ಗ್ರಾಂ ಒಣ ಆಹಾರ ಹಾಕುವ ತೊಟ್ಟಿಯಲ್ಲಿ ಇದು ದಿನಕ್ಕೆ ಹೆಚ್ಚುಕಡಿಮೆ 0.3 ಗ್ರಾಂ. 115 ಲೀಟರ್‌ಗೆ ಹಂಚಿದರೆ ವಾರಕ್ಕೆ ಒಂದು ಡಿಗ್ರಿ ಕೆ.ಎಚ್. ಇಳಿದಂತೆ. 5 ಡಿಗ್ರಿಯಿಂದ ಹೊರಟ ನೀರು, ಹೊಸ ನೀರು ಬರದಿದ್ದರೆ, ಒಂದೆರಡು ತಿಂಗಳಿಗೆ ಬರಿದು. ಇವರು ಆಗಾಗ ತುಂಬಿಸಿದ ನೀರಿನಿಂದ ಒಂದಿಷ್ಟು ಬರುತ್ತಿತ್ತು, ಆದ್ದರಿಂದ ನಿಧಾನವಾಯಿತು, ಅಷ್ಟೆ. ಆದಾಯಕ್ಕಿಂತ ಖರ್ಚು ಯಾವಾಗಲೂ ಮುಂದಿತ್ತು.

ಕೆ.ಎಚ್. ಮುಗಿದ ಮೇಲೆ ಪಿ.ಎಚ್. ಜಾರುತ್ತದೆ. 6ರ ಆಸುಪಾಸಿಗೆ ಬಂದಾಗ ಈ ಬ್ಯಾಕ್ಟೀರಿಯಗಳ ಕೆಲಸ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಆಮ್ಲೀಯತೆ ಒಂದು ಕಾರಣ. ಇನ್ನೊಂದು, ಅವು ತಮ್ಮ ಮೈಗೆ ಬೇಕಾದ ಇಂಗಾಲವನ್ನು ನೀರಿನ ಬೈಕಾರ್ಬೋನೇಟ್‌ನಂಥ ಅಜೈವಿಕ ಮೂಲದಿಂದಲೇ ಪಡೆಯುತ್ತವೆ, ಅದೂ ಇಲ್ಲ. ಬಕೆಟ್‌ನಲ್ಲಿ ನೈಟ್ರೈಟ್ ಸೊನ್ನೆ ಬಂದದ್ದು ಆರೋಗ್ಯದ ಲಕ್ಷಣವಲ್ಲ. ಮೊದಲ ಹಂತವೇ ನಿಂತಿರುವಾಗ ನೈಟ್ರೈಟ್ ಎಲ್ಲಿಂದ ಹುಟ್ಟಬೇಕು? ಅಮೋನಿಯ ಹಾಗೇ ಕೂಡುತ್ತಾ ಬಂದಿತ್ತು.

ಹಾಗಾದರೆ 8 ಮಿ.ಗ್ರಾಂ ಅಮೋನಿಯದಲ್ಲಿ ಎಂಟು ಮೀನು ಹೇಗೆ ಬದುಕಿದ್ದವು? ಕಿಟ್ ತೋರಿಸುವುದು ಒಟ್ಟು ಅಮೋನಿಯ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ: ಮೀನಿಗೆ ಅಷ್ಟಾಗಿ ತೊಂದರೆ ಕೊಡದ ಅಮೋನಿಯಂ, ಕಿವಿರು ದಾಟಿ ರಕ್ತ ಸೇರುವ ಮುಕ್ತ ಅಮೋನಿಯ. ಯಾವುದು ಎಷ್ಟು ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಪಿ.ಎಚ್., ಸ್ವಲ್ಪ ಮಟ್ಟಿಗೆ ತಾಪಮಾನ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿ.ಎಚ್. 6 ಇದ್ದರೆ ಮುಕ್ತ ಅಮೋನಿಯದ ಪಾಲು ಶೇ. 0.06ರಷ್ಟು, 7ರಲ್ಲಿ ಶೇ. 0.6ರ ಹತ್ತಿರ, 8ರಲ್ಲಿ ಶೇ. 5 ದಾಟುತ್ತದೆ. ಬ್ಯಾಕ್ಟೀರಿಯವನ್ನು ನಿಲ್ಲಿಸಿದ ಆಮ್ಲವೇ ವಿಷವನ್ನೂ ಕಟ್ಟಿಹಾಕಿತ್ತು.

ಈಗ ಆ ದಿನದ ಲೆಕ್ಕ ಹಾಕಿ. ಬೆಳಿಗ್ಗೆ, ಪಿ.ಎಚ್. 6.0ರಲ್ಲಿ ಒಟ್ಟು 8 ಮಿ.ಗ್ರಾಂ ಇದ್ದಾಗ ಮುಕ್ತ ಅಮೋನಿಯ ಲೀಟರಿಗೆ 0.005 ಮಿ.ಗ್ರಾಂ ಕೂಡ ಇರಲಿಲ್ಲ. ಅರ್ಧ ನೀರು ಬದಲಾಯಿಸಿದ ಮೇಲೆ ಒಟ್ಟು ಅಮೋನಿಯ 4ಕ್ಕೆ ಇಳಿಯಿತು, ಪಿ.ಎಚ್. 7.6ಕ್ಕೆ ಏರಿತು. 7.6ರಲ್ಲಿ ಮುಕ್ತ ಪಾಲು ಶೇ. 2ಕ್ಕಿಂತ ಹೆಚ್ಚು. ಅಂದರೆ ಸುಮಾರು 0.09 ಮಿ.ಗ್ರಾಂ. ಕೊಳಕು ಅರ್ಧವಾಯಿತು, ವಿಷ ಹೆಚ್ಚುಕಡಿಮೆ ಇಪ್ಪತ್ತು ಪಟ್ಟಾಯಿತು. ಲೀಟರಿಗೆ 0.02 ಮಿ.ಗ್ರಾಂ ದಾಟಿದರೆ ಎಚ್ಚರ ವಹಿಸಬೇಕು ಎನ್ನುವುದು ಮೀನು ಸಾಕುವವರು ಪಾಲಿಸುವ ಮಿತಿ.

ಹೊಸ ಮೀನು ಸಾಯುತ್ತಿದ್ದುದಕ್ಕೆ ಕಾರಣ ಬೇರೆ, ಮೂಲ ಒಂದೇ. ಹಳೆಯ ಮೀನು ಎರಡು ವರ್ಷದಲ್ಲಿ ಮೆಲ್ಲಮೆಲ್ಲನೆ ಆ ನೀರಿಗೆ ಒಗ್ಗಿಕೊಂಡಿದ್ದವು. ಏಂಜೆಲ್, ಟೆಟ್ರಾಗಳ ಮೂಲ ನೆಲೆ ದಕ್ಷಿಣ ಅಮೆರಿಕದ ನದಿಗಳು, ತುಸು ಆಮ್ಲೀಯ ನೀರು ಅವಕ್ಕೆ ಹೊಸದಲ್ಲ. ಮೋಲಿ ಮತ್ತು ಪ್ಲಾಟಿಗೆ ಗಡಸು, ಕ್ಷಾರೀಯ ನೀರು ಬೇಕು, ಅವು ಹೋದದ್ದು ಸಹಜ. ಆದರೆ ಮೆದು, ಆಮ್ಲೀಯ ನೀರಿನ ನಿಯಾನ್ ಯಾಕೆ ಹೋಯಿತು? ಅವರನ್ನು ದಾರಿ ತಪ್ಪಿಸಿದ್ದೇ ಇದು. ಆ ತೊಟ್ಟಿಯ ನೀರು ಆಮ್ಲೀಯವಾಗಿತ್ತೇ ಹೊರತು ಮೆದುವಾಗಿರಲಿಲ್ಲ. ಕರಗಿದ ಒಟ್ಟು ಲವಣಾಂಶ ನಲ್ಲಿ ನೀರಿನ ಮೂರು ಪಟ್ಟಿತ್ತು. 7.8ರ ನೀರಿನಿಂದ ಬಂದ ಸಣ್ಣ ಮೀನು ಹತ್ತು ನಿಮಿಷದಲ್ಲಿ 6ರ ನೀರಿಗೆ, ಅದೂ ಇಷ್ಟು ಲವಣ, ಇಷ್ಟು ನೈಟ್ರೇಟ್ ತುಂಬಿದ ನೀರಿಗೆ ಬಿದ್ದರೆ ಮೈಯೊಳಗಿನ ಉಪ್ಪು ನೀರಿನ ಸಮತೋಲವೇ ಕೆಡುತ್ತದೆ. ಮಾರಿದವರ ತಪ್ಪು ಇದರಲ್ಲಿ ಕಾಣುವುದಿಲ್ಲ.

ಆ ರಾತ್ರಿ ಮಾಡಿದ್ದು, ಮಾಡದೆ ಬಿಟ್ಟದ್ದು

"ಹಳೆ ನೀರನ್ನೇ ವಾಪಸ್ ಹಾಕಿಬಿಡಲಾ?" ಎಂದು ಅವರು ಕೇಳಿದರು. ಪಿ.ಎಚ್. ಇಳಿದರೆ ವಿಷವೂ ಇಳಿಯುತ್ತದಲ್ಲ ಎಂಬುದು ಅವರ ಯೋಚನೆ. ಒಳ್ಳೆಯ ಪ್ರಶ್ನೆ. ಆದರೆ ಉಳಿದದ್ದು ಒಂದೇ ಬಕೆಟ್, 20 ಲೀಟರ್. ಅಷ್ಟರಿಂದ ಪಿ.ಎಚ್. ಹೆಚ್ಚೇನೂ ಇಳಿಯುವುದಿಲ್ಲ, ಅಮೋನಿಯ ಮಾತ್ರ ಏರುತ್ತದೆ. ಆಮ್ಲದ ದ್ರಾವಣ ಹಾಕಿ ಪಿ.ಎಚ್. ಇಳಿಸುವುದಕ್ಕೂ ನಾನು ಒಪ್ಪಲಿಲ್ಲ. ಒಂದೇ ದಿನದಲ್ಲಿ ಒಮ್ಮೆ ಮೇಲೆ ಎಳೆದದ್ದನ್ನು ಮತ್ತೆ ಕೆಳಗೆ ಎಳೆದರೆ ಬದುಕಿರುವ ಮೀನೂ ಹೋಗುತ್ತದೆ.

ಇನ್ನೊಂದಿಷ್ಟು ನೀರು ಬದಲಾಯಿಸುವುದು? ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆವು. ಶೇ. 30 ಬದಲಾಯಿಸಿದರೆ ಒಟ್ಟು ಅಮೋನಿಯ 2.8ಕ್ಕೆ ಇಳಿಯುತ್ತದೆ, ಪಿ.ಎಚ್. 7.7ರ ಕಡೆಗೆ ಏರುತ್ತದೆ, ಮುಕ್ತ ಅಮೋನಿಯ 0.09ರಿಂದ ಬರೀ 0.08ರ ಹತ್ತಿರಕ್ಕೆ ಬರುತ್ತದೆ. ಇಷ್ಟು ಸಣ್ಣ ಲಾಭಕ್ಕೆ ಬಳಲಿದ ಮೀನನ್ನು ಮತ್ತೆ ಅಲುಗಾಡಿಸುವುದು ಬೇಡ ಎನಿಸಿತು. ಮೊದಲು ಅಮೋನಿಯವನ್ನೇ ಹೊರಗೆಳೆಯಬೇಕಿತ್ತು.

ಅದಕ್ಕೆ ಜಿಯೋಲೈಟ್. ಈ ಖನಿಜದ ಹರಳು ಸಿಹಿನೀರಿನಲ್ಲಿ ಅಮೋನಿಯಂ ಅನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ನನ್ನ ಹತ್ತಿರ ಇದ್ದದ್ದನ್ನು ತೊಳೆದು ಬಲೆಚೀಲದಲ್ಲಿ ತುಂಬಿ, ಫಿಲ್ಟರಿನ ನೀರು ಅದರ ಮೂಲಕವೇ ಹರಿಯುವಂತೆ ಇಟ್ಟೆವು. ನನ್ನ ತೊಟ್ಟಿಯಲ್ಲಿ ಓಡುತ್ತಿದ್ದ ಸ್ಪಾಂಜ್ ಫಿಲ್ಟರೊಂದನ್ನು ಅದೇ ನೀರಿನಲ್ಲಿ ಮುಳುಗಿಸಿಕೊಂಡು ತಂದಿದ್ದೆ, ಅದನ್ನೂ ಜೋಡಿಸಿದೆವು. ರೋಗದ ಗುರುತಿರುವ ತೊಟ್ಟಿಯಿಂದ ಹೀಗೆ ತರಬಾರದು, ದಾರಿಯಲ್ಲಿ ಒಣಗಲೂ ಬಿಡಬಾರದು. ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ, ದೀಪ ಆರಿಸಿ, ಆಹಾರ ಪೂರ್ತಿ ನಿಲ್ಲಿಸಿದೆವು.

ಬೆಳಗಾಗುವಷ್ಟರಲ್ಲಿ ಒಂದು ಏಂಜೆಲ್ ಹೋಗಿತ್ತು. ಉಳಿದವು ಮೇಲ್ಮೈ ಬಿಟ್ಟು ಕೆಳಗಿಳಿದಿದ್ದವು. ಒಟ್ಟು ಅಮೋನಿಯ 2.

ಮುಂದಿನ ವಾರಗಳು

ಆಮೇಲೆ ದಿನಕ್ಕೆ ಶೇ. 15ರಷ್ಟು ನೀರು ಬದಲಾವಣೆ, ಪ್ರತಿ ಸಲವೂ ಕ್ಲೋರಿನ್ ತೆಗೆದ, ಅದೇ ತಾಪಮಾನದ ನೀರು. ಬಾಟಲಿಯ ಬ್ಯಾಕ್ಟೀರಿಯ ತಂದು ಸುರಿಯೋಣವೇ ಎಂಬ ಮಾತು ಬಂತು. ಸೂಕ್ಷ್ಮಜೀವಿಗಳೇ ನೈಟ್ರೇಟ್ ತಯಾರಿಸುತ್ತವೆ ಎಂಬುದರಲ್ಲಿ 1890ರ ಸುಮಾರಿಗೆ ಸೆರ್ಗೇಯ್ ವಿನೊಗ್ರಾದ್‌ಸ್ಕಿ ಅವನ್ನು ಬೇರ್ಪಡಿಸಿ ತೋರಿಸಿದ ಮೇಲೆ ಸಂಶಯ ಉಳಿದಿಲ್ಲ. ಯಾವ ಜೀವಿ ಎಂಬ ವಿಷಯದಲ್ಲಿ ಮಾತ್ರ ತಿಳಿವಳಿಕೆ ಬದಲಾಗುತ್ತಾ ಬಂದಿದೆ. ಸಿಹಿನೀರಿನ ಅಕ್ವೇರಿಯಂನಲ್ಲಿ ನೈಟ್ರೈಟ್ ತಿನ್ನುವುದು ಹಳೆಯ ಪಠ್ಯಗಳಲ್ಲಿರುವ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಎಂದು 1998ರಲ್ಲಿ ಗೊತ್ತಾಯಿತು. ಎರಡೂ ಹಂತವನ್ನು ಒಂದೇ ಜೀವಿ ಮುಗಿಸಬಲ್ಲದು ಎಂದು 2015ರಲ್ಲಿ ತಿಳಿಯಿತು. ಯಾವ ಜೀವಿಯ ಬಾಟಲಿಯೇ ಆಗಲಿ, ಕೆ.ಎಚ್. ಇಲ್ಲದ ನೀರಿಗೆ ಸುರಿದರೆ ಅದು ಕೆಲಸ ಮಾಡುವುದಿಲ್ಲ. ಇಲ್ಲಿ ಬಾಟಲಿಯ ಅಗತ್ಯವೂ ಇರಲಿಲ್ಲ, ಓಡುತ್ತಿರುವ ಸ್ಪಾಂಜ್ ಒಂದು ಒಳಗೇ ಇತ್ತು.

ಎರಡನೇ ವಾರ ನೈಟ್ರೈಟ್ ಕಾಣಿಸಿಕೊಂಡು 1 ಮಿ.ಗ್ರಾಂ ದಾಟಿತು. ಅವರು ಗಾಬರಿಯಾದರು, ನನಗೆ ಸಮಾಧಾನವಾಯಿತು: ಮೊದಲ ಹಂತ ಮತ್ತೆ ಶುರುವಾಗಿದೆ. ಆದರೂ ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾಗದಂತೆ ಮಾಡುತ್ತದೆ, ಸುಮ್ಮನೆ ಕೂರುವಂತಿಲ್ಲ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್‌ಗೆ ಅಡ್ಡ ನಿಲ್ಲುತ್ತದೆ, ಅದಕ್ಕೆ ಲೀಟರಿಗೆ 0.1 ಗ್ರಾಂ ಸಾಕು. ಇಲ್ಲೊಂದು ಅಪಾಯವಿದೆ. ಜಿಯೋಲೈಟ್ ಇರುವ ತೊಟ್ಟಿಗೆ ಉಪ್ಪು ಹಾಕಿದರೆ ಅದು ಸೋಡಿಯಂ ಹಿಡಿದುಕೊಂಡು, ಕೂಡಿಟ್ಟ ಅಮೋನಿಯಂ ಅನ್ನು ನೀರಿಗೇ ಬಿಡುತ್ತದೆ. ಆದ್ದರಿಂದ ಮೊದಲು ಜಿಯೋಲೈಟ್ ಚೀಲ ಹೊರಗೆ, ಆಮೇಲೆ ಸುಮಾರು 12 ಗ್ರಾಂ ಉಪ್ಪು. ಈ ಎರಡನ್ನೂ ಒಟ್ಟಿಗೆ ಹಾಕಿ ತೊಟ್ಟಿ ಕೆಡಿಸಿಕೊಳ್ಳಬೇಡಿ.

ಜಲ್ಲಿಯನ್ನು ಒಂದೇ ಸಲಕ್ಕೆ ಕೆದಕಲಿಲ್ಲ. ವಾರಕ್ಕೆ ಮೂರರಲ್ಲೊಂದು ಭಾಗ, ಸೈಫನ್ ಪೈಪನ್ನು ತಳಕ್ಕೆ ಊರಿ, ಜಲ್ಲಿ ಕೊಳವೆಯೊಳಗೆ ಏರಿ ಬೀಳುವಾಗ ಬಿಡುವ ಕಂದು ಬಗ್ಗಡವನ್ನು ಮಾತ್ರ ಎಳೆದೆವು. ಅಲಂಕಾರದ ಕಲ್ಲಿನ ಹಿಂದಿನ ಮೂಲೆಯಲ್ಲಿ ಎರಡು ಬೆರಳು ದಪ್ಪ ಬಗ್ಗಡ ಸಿಕ್ಕಿತು. ಅದರಲ್ಲಿ ಬಹುಪಾಲು ಪ್ಲೆಕೊದ್ದು. ಪುಡಿ ಮಾಡಿದ ಹವಳದ ಚೂರನ್ನು ಒಂದು ಸಣ್ಣ ಚೀಲದಲ್ಲಿ ಫಿಲ್ಟರಿಗೆ ಹಾಕಿದೆವು. ಅದು ಆಮ್ಲ ಹುಟ್ಟಿದಂತೆಲ್ಲ ಮೆಲ್ಲಗೆ ಕರಗಿ ಕೆ.ಎಚ್. ಕೊಡುತ್ತದೆ. ಅವಸರದಲ್ಲಿ ಅಡುಗೆ ಸೋಡಾವೂ ಆಗುತ್ತದೆ, ಲೀಟರಿಗೆ 0.03 ಗ್ರಾಂ ಹಾಕಿದರೆ ಒಂದು ಡಿಗ್ರಿ ಕೆ.ಎಚ್. ಏರುತ್ತದೆ. ಆದರೆ ಅಮೋನಿಯ ಇಳಿಯುವ ಮುಂಚೆ ಅದನ್ನು ಮುಟ್ಟಬಾರದು.

ನಾಲ್ಕನೇ ವಾರಕ್ಕೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ, ನೈಟ್ರೇಟ್ 40, ಕೆ.ಎಚ್. 4, ಪಿ.ಎಚ್. 7.4.

ಇಂಥ ತೊಟ್ಟಿ ನಿಮ್ಮ ಮನೆಯಲ್ಲಿದ್ದರೆ

ಹಳೆಯ ಮೀನು ಚೆನ್ನಾಗಿದೆ, ಹೊಸದು ನಿಲ್ಲುತ್ತಿಲ್ಲ, ತಿಂಗಳುಗಟ್ಟಲೆ ನೀರು ಬದಲಾಯಿಸಿಲ್ಲ: ಈ ಮೂರು ಸೇರಿದ ಕಡೆ ದಯವಿಟ್ಟು ಒಂದೇ ದಿನದ ಮಹಾ ಸ್ವಚ್ಛತೆಗೆ ಇಳಿಯಬೇಡಿ. ಇಂಥ ಮೀನುಗಳು ಹೆಚ್ಚಾಗಿ ಸಾಯುವುದು ಅಲಕ್ಷ್ಯದ ತಿಂಗಳುಗಳಲ್ಲಿ ಅಲ್ಲ, ಮನಸ್ಸು ಮಾಡಿ ತೊಳೆದ ದಿನ. ಮೊದಲು ಪಿ.ಎಚ್., ಕೆ.ಎಚ್., ಅಮೋನಿಯ ಅಳೆಯಿರಿ. ಪಿ.ಎಚ್. ಕೆಳಗಿದ್ದು ಅಮೋನಿಯ ಮೇಲಿದ್ದರೆ ಆಹಾರ ನಿಲ್ಲಿಸಿ, ಪಿ.ಎಚ್. ಕೆಳಗಿರುವಾಗಲೇ ಜಿಯೋಲೈಟ್‌ನಿಂದ ಅಮೋನಿಯ ಇಳಿಸಿ. ಆಮೇಲೆ ದಿನಕ್ಕೆ ಶೇ. 5ರಷ್ಟು ನೀರು ಬದಲಾಯಿಸುತ್ತಾ, ಪಿ.ಎಚ್. 7 ದಾಟುವ ಮುಂಚೆ ಮತ್ತೊಮ್ಮೆ ಅಮೋನಿಯ ನೋಡಿ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ, ಅದೂ ನೀರಿನ ಹರಿವು ಕಡಿಮೆಯಾದಾಗ ಮಾತ್ರ.

ಇವರ ತೊಟ್ಟಿಯಲ್ಲಿ ಈಗ ವಾರಕ್ಕೆ 25 ಲೀಟರ್ ನೀರು ಬದಲಾಗುತ್ತದೆ, ತಿಂಗಳಿಗೆರಡು ಸಲ ಕೆ.ಎಚ್. ಅಳತೆ. ಅದು 3ಕ್ಕಿಂತ ಕೆಳಗೆ ಹೋದರೆ ಆ ವಾರ ಎರಡು ಸಲ ನೀರು. ಪ್ಲೆಕೊವನ್ನು ದೊಡ್ಡ ತೊಟ್ಟಿ ಇರುವ ಒಬ್ಬರಿಗೆ ಕೊಟ್ಟರು. 30 ಸೆಂ.ಮೀ. ಮೀರಿ ಬೆಳೆಯುವ ಆ ಮೀನಿಗೆ 40 ಸೆಂ.ಮೀ. ಅಗಲದಲ್ಲಿ ತಿರುಗಲೂ ಜಾಗವಿರಲಿಲ್ಲ. ಕೆರೆಗೆ ಬಿಡುವ ಮಾತು ಮನೆಯಲ್ಲಿ ಒಮ್ಮೆ ಬಂದಿತ್ತು, ಬೇಡವೆಂದು ಕಟ್ಟುನಿಟ್ಟಾಗಿ ಹೇಳಿದೆ. ಈ ಜಾತಿಯ ಮೀನುಗಳು ಹಲವು ದೇಶಗಳಲ್ಲಿ ಕೆರೆ ನದಿ ಸೇರಿ ಅಲ್ಲಿನ ಜೀವಿಗಳಿಗೆ ಕಂಟಕವಾಗಿವೆ.

ಹೊಸ ಮೀನು ತರುವ ಮುಂಚೆ ಕೆ.ಎಚ್. ಒಂದು ತಿಂಗಳು 4ರ ಮೇಲೆ ನಿಲ್ಲಬೇಕು ಎಂದು ಒಪ್ಪಂದ ಮಾಡಿಕೊಂಡೆವು. ನಿಂತಿತು. ಆರು ಟೆಟ್ರಾ ತಂದು, ಏರ್ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ, ಸೆಕೆಂಡಿಗೆ ಎರಡು ಮೂರು ಹನಿಯಂತೆ ತೊಟ್ಟಿಯ ನೀರನ್ನು ಅವುಗಳ ಪಾತ್ರೆಗೆ ಬಿಟ್ಟು, ಅರ್ಧ ಗಂಟೆಯ ಮೇಲೆ ಒಳಗೆ ಬಿಟ್ಟೆವು. ದೂರದಿಂದ, ಗಂಟೆಗಟ್ಟಲೆ ಮುಚ್ಚಿದ ಚೀಲದಲ್ಲಿ ಬಂದ ಮೀನಿಗೆ ಇಷ್ಟು ಹೊತ್ತು ಹನಿ ಬಿಡುತ್ತಾ ಕೂರಬಾರದು. ಚೀಲದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿ ಪಿ.ಎಚ್. ಇಳಿದಿರುತ್ತದೆ, ಬಿಚ್ಚಿದ ಮೇಲೆ ಅನಿಲ ಹೊರಹೋದಂತೆ ಪಿ.ಎಚ್. ಏರಿ, ಅಲ್ಲಿ ಕೂಡಿದ್ದ ಅಮೋನಿಯಂ ಮುಕ್ತ ಅಮೋನಿಯವಾಗುತ್ತದೆ. ಅಂಥ ಮೀನನ್ನು ತಾಪಮಾನ ಸರಿಹೊಂದಿದ ಕೂಡಲೇ ಬಲೆಯಿಂದ ಎತ್ತಿ ಸಿದ್ಧ ತೊಟ್ಟಿಗೆ ಬಿಡುವುದೇ ಮೇಲು, ಚೀಲದ ನೀರನ್ನು ಒಳಗೆ ಸುರಿಯದೆ.